ಬರ್ಕ್ಲಿಯ ದಟ್ಟ ವಸತಿ ಮತ್ತು ಮಿಶ್ರಬಳಕೆ ಪುನರಭಿವೃದ್ಧಿ ವಿವಾದ

ಬರ್ಕ್ಲಿಯ ದಟ್ಟ ವಸತಿ ಮತ್ತು ಮಿಶ್ರಬಳಕೆ ಪುನರಭಿವೃದ್ಧಿ ವಿವಾದವು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿರುವ ವಿಶ್ವವಿದ್ಯಾಲಯ ನಗರ ಬರ್ಕ್ಲಿಯಲ್ಲಿ ಎತ್ತರದ ಹಾಗೂ ಬಹುಕುಟುಂಬದ ಕಟ್ಟಡಗಳಿಗೆ ಎಷ್ಟರಮಟ್ಟಿಗೆ ಅವಕಾಶ ನೀಡಬೇಕು ಎಂಬ ಪ್ರಶ್ನೆಯ ಸುತ್ತ ಬೆಳೆದು ಬಂದಿರುವ ದೀರ್ಘಕಾಲದ ಸಾರ್ವಜನಿಕ ಚರ್ಚೆಯಾಗಿದೆ. ಏಕಕುಟುಂಬ ವಸತಿ ವಲಯವನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ನಗರವೆಂದು ಬರ್ಕ್ಲಿಯನ್ನು ಸಾಮಾನ್ಯವಾಗಿ ಹೆಸರಿಸಲಾಗುತ್ತದೆ. ಅದೇ ನಗರಸಭೆಯು ಸುಮಾರು ಒಂದು ಶತಮಾನದ ನಂತರ, 2021ರಲ್ಲಿ, ಆ ಪದ್ಧತಿಯನ್ನು ಕೈಬಿಡುವ ನಿರ್ಣಯವನ್ನು ಅಂಗೀಕರಿಸಿತು. ಈ ಎರಡು ಘಟನೆಗಳ ನಡುವೆ ನಡೆದ ಜನಮತ ಸಂಗ್ರಹಗಳು, ನ್ಯಾಯಾಲಯದ ದಾವೆಗಳು, ರಾಜ್ಯ ಶಾಸನಗಳು ಮತ್ತು ಚಳವಳಿಗಳು ಈ ವಿವಾದದ ಇತಿಹಾಸವಾಗಿವೆ.

ಈ ವಿವಾದವನ್ನು ಕಟ್ಟಡ ಕಟ್ಟುವವರಿಗೂ ಊರಿನ ನಿವಾಸಿಗಳಿಗೂ ನಡುವಿನ ಜಗಳವೆಂದು ಸರಳಗೊಳಿಸಲು ಬರುವುದಿಲ್ಲ. ನೆರೆಹೊರೆಯ ಸಂರಕ್ಷಣೆಯ ನಿಯಮಗಳು ಕೆಲವು ಕಾಲದಲ್ಲಿ ಬಡ ಬಾಡಿಗೆದಾರರಿಗೆ ಆಸರೆಯಾದವು. ಬೇರೆ ಕಾಲದಲ್ಲಿ ಅವೇ ನಿಯಮಗಳು ಹೊಸಬರನ್ನು, ವಿಶೇಷವಾಗಿ ಕಪ್ಪು ಜನಾಂಗದವರನ್ನು ಮತ್ತು ವಿದ್ಯಾರ್ಥಿಗಳನ್ನು, ಹೊರಗಿಡುವ ಸಾಧನಗಳಾದವು. ಹಿಂದಿನ ಒಂದು ಕ್ರಮದಿಂದಾದ ಹಾನಿಯನ್ನು ಸರಿಪಡಿಸಲೆಂದು ರೂಪಿಸಿದ ನಿಯಮವು ಮುಂದಿನ ಪೀಳಿಗೆಗೆ ಹೊಸ ಸಮಸ್ಯೆಯಾಗಿ ಪರಿಣಮಿಸಿದ ಉದಾಹರಣೆಗಳು ಇಲ್ಲಿ ಪದೇ ಪದೇ ಕಾಣಸಿಗುತ್ತವೆ.

ಪರಿಭಾಷೆ

ಮಿಶ್ರಬಳಕೆ ಎಂದರೆ ಒಂದೇ ಕಟ್ಟಡದಲ್ಲಿ ಅಥವಾ ಒಂದೇ ನಿವೇಶನದಲ್ಲಿ ವಾಸದ ಮನೆಗಳೂ ಅಂಗಡಿ, ಕಚೇರಿ ಮೊದಲಾದವುಗಳೂ ಇರುವ ವ್ಯವಸ್ಥೆ. ನೆಲಮಟ್ಟದಲ್ಲಿ ಅಂಗಡಿ, ಮೇಲೆ ಮನೆ ಎಂಬ ಕ್ರಮವು ಭಾರತದ ಹಳೆಯ ಪೇಟೆಬೀದಿಗಳಲ್ಲಿ ಸಹಜವಾಗಿಯೇ ಬೆಳೆದಿದೆ. ಅಮೆರಿಕದ ನಗರಗಳಲ್ಲಿ ಇಪ್ಪತ್ತನೆಯ ಶತಮಾನದ ವಲಯ ನಿಯಮಗಳು ವಾಸ ಮತ್ತು ವ್ಯಾಪಾರವನ್ನು ಬೇರ್ಪಡಿಸಿದ್ದರಿಂದ ಇದನ್ನು ಮತ್ತೆ ತರಲು ವಿಶೇಷ ಅನುಮತಿ ಬೇಕಾಯಿತು.

ವಲಯ ವಿಂಗಡಣೆ ಅಥವಾ ಝೋನಿಂಗ್ ಎಂದರೆ ನಗರದ ಪ್ರತಿಯೊಂದು ಭಾಗದಲ್ಲಿ ಯಾವ ಬಗೆಯ ಕಟ್ಟಡ ಇರಬಹುದು, ಅದರ ಎತ್ತರವೆಷ್ಟು, ರಸ್ತೆಯಿಂದ ಎಷ್ಟು ಅಂತರ ಬಿಡಬೇಕು, ಎಷ್ಟು ವಾಹನಗಳಿಗೆ ನಿಲುಗಡೆ ಜಾಗ ಒದಗಿಸಬೇಕು ಎಂಬುದನ್ನು ನಗರಾಡಳಿತವು ನಿಗದಿಪಡಿಸುವ ಕ್ರಮ. ಸಾಂದ್ರತೆ ಎಂದರೆ ಒಂದು ಎಕರೆ ಜಾಗದಲ್ಲಿ ಇರುವ ಮನೆಗಳ ಸಂಖ್ಯೆ. ಸಾಂದ್ರತೆ ಮತ್ತು ಎತ್ತರ ಒಂದೇ ಅಲ್ಲ. ಮೂರು ಅಂತಸ್ತಿನ ಒತ್ತೊತ್ತಾದ ಕಟ್ಟಡಗಳ ಬೀದಿಯೂ ದಟ್ಟವಾಗಿರಬಹುದು. ಬರ್ಕ್ಲಿಯ ಚರ್ಚೆಯಲ್ಲಿ ಈ ಎರಡು ಮಾತುಗಳು ಹಲವು ಬಾರಿ ಬೆರೆತುಹೋಗಿವೆ.

ನಗರದ ಹಿನ್ನೆಲೆ

ಬರ್ಕ್ಲಿಯು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ, ಓಕ್‌ಲ್ಯಾಂಡ್ ನಗರದ ಉತ್ತರಕ್ಕೆ ಇದೆ. ಪಶ್ಚಿಮದಲ್ಲಿ ಕೊಲ್ಲಿಯ ತೀರ, ಪೂರ್ವದಲ್ಲಿ ಬೆಟ್ಟಸಾಲು ಇರುವುದರಿಂದ ನಗರವು ಅಡ್ಡಡ್ಡಲಾಗಿ ಹರಡಲು ಜಾಗವಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು 1868ರಲ್ಲಿ ಸ್ಥಾಪನೆಯಾಗಿ 1873ರಲ್ಲಿ ಬರ್ಕ್ಲಿಯ ಆವರಣಕ್ಕೆ ಬಂದಿತು. ಬರ್ಕ್ಲಿ ಪಟ್ಟಣವು ಅಧಿಕೃತವಾಗಿ ರೂಪುಗೊಂಡದ್ದು 1878ರಲ್ಲಿ. ಅಂದರೆ ಇಲ್ಲಿ ವಿಶ್ವವಿದ್ಯಾಲಯವು ಊರಿಗಿಂತ ಹಿರಿದು.

ಜನಗಣತಿಯ ಅಂಕಿಗಳು ವಿವಾದದ ಹಿನ್ನೆಲೆಯನ್ನು ತಿಳಿಯಲು ಸಹಾಯಕವಾಗಿವೆ. 1950ರಲ್ಲಿ ನಗರದ ಜನಸಂಖ್ಯೆ 1,13,805 ಇತ್ತು. 1980ರಲ್ಲಿ ಅದು 1,03,328ಕ್ಕೆ ಇಳಿಯಿತು. 2000ದಲ್ಲಿ 1,02,743 ಆಗಿತ್ತು. 2010ರಲ್ಲಿ 1,12,580ಕ್ಕೆ, 2020ರಲ್ಲಿ 1,24,321ಕ್ಕೆ ಏರಿತು. ಸುತ್ತಲಿನ ಕೊಲ್ಲಿ ಪ್ರದೇಶದಲ್ಲಿ ಉದ್ಯೋಗಗಳು ವೇಗವಾಗಿ ಬೆಳೆದ ಐವತ್ತು ವರ್ಷಗಳಲ್ಲಿ ಬರ್ಕ್ಲಿಯ ಜನಸಂಖ್ಯೆ ಬೆಳೆಯದೆ ಉಳಿದದ್ದು ಗಮನಾರ್ಹ. ಇದೇ ಅವಧಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತ ಬಂದು 2020ರ ವೇಳೆಗೆ 42,000 ದಾಟಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿವಿಧ ಆವರಣಗಳಲ್ಲಿ ಅತಿ ಕಡಿಮೆ ಪ್ರಮಾಣದ ವಿದ್ಯಾರ್ಥಿಗಳಿಗೆ ಸ್ವಂತ ವಸತಿ ಒದಗಿಸುವುದು ಬರ್ಕ್ಲಿಯೇ. ಹಾಗಾಗಿ ಬಹುಪಾಲು ವಿದ್ಯಾರ್ಥಿಗಳು ಊರಿನ ಬಾಡಿಗೆ ಮನೆಗಳಿಗಾಗಿ ಇತರ ನಿವಾಸಿಗಳೊಂದಿಗೆ ಪೈಪೋಟಿ ನಡೆಸಬೇಕಾಗುತ್ತದೆ.

ವಲಯ ವಿಂಗಡಣೆಯ ಮೂಲ

1916ರಲ್ಲಿ ಬರ್ಕ್ಲಿಯ ಎಲ್ಮ್‌ವುಡ್ ಬಡಾವಣೆಯಲ್ಲಿ ಏಕಕುಟುಂಬದ ಮನೆಗಳನ್ನು ಬಿಟ್ಟು ಬೇರಾವ ಕಟ್ಟಡವನ್ನೂ ಕಟ್ಟದಂತೆ ನಿಯಮ ಜಾರಿಯಾಯಿತು. ಈ ಕ್ರಮದ ಪ್ರಮುಖ ಪ್ರತಿಪಾದಕರಲ್ಲಿ ನಿವೇಶನ ವ್ಯಾಪಾರಿ ಡಂಕನ್ ಮೆಕ್‌ಡಫಿ ಒಬ್ಬರು. ಅವರ ಸಂಸ್ಥೆಯು ಅಭಿವೃದ್ಧಿಪಡಿಸಿದ ಬಡಾವಣೆಗಳ ಕ್ರಯಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರಬಾರದೆಂಬ ಷರತ್ತುಗಳಿದ್ದವು. ಬಣ್ಣದ ಆಧಾರದ ಮೇಲೆ ನೇರವಾಗಿ ವಲಯ ವಿಂಗಡಿಸುವುದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1917ರಲ್ಲಿ ಅಸಿಂಧುಗೊಳಿಸಿತು. ಆದರೆ ದೊಡ್ಡ ನಿವೇಶನ ಮತ್ತು ಒಂದೇ ಮನೆ ಎಂಬ ನಿಯಮವು ಬಣ್ಣವನ್ನು ಹೆಸರಿಸದೆಯೇ, ಬೆಲೆಯ ಮೂಲಕ, ಹೆಚ್ಚುಕಡಿಮೆ ಅದೇ ಫಲಿತಾಂಶವನ್ನು ನೀಡಿತೆಂದು ಇತಿಹಾಸಕಾರರು ವಿವರಿಸಿದ್ದಾರೆ.

1930ರ ದಶಕದಲ್ಲಿ ಒಕ್ಕೂಟ ಸರ್ಕಾರದ ಗೃಹಸಾಲ ಸಂಸ್ಥೆಯು ತಯಾರಿಸಿದ ನಕ್ಷೆಗಳಲ್ಲಿ ಕಪ್ಪು ಜನಾಂಗದವರೂ ಏಷ್ಯಾ ಮೂಲದವರೂ ವಾಸಿಸುತ್ತಿದ್ದ ದಕ್ಷಿಣ ಮತ್ತು ಪಶ್ಚಿಮ ಬರ್ಕ್ಲಿಯ ಭಾಗಗಳಿಗೆ ಕೆಂಪು ಬಣ್ಣ ಬಳಿಯಲಾಗಿತ್ತು. ಅಲ್ಲಿ ಮನೆಸಾಲ ದೊರೆಯುವುದು ಕಠಿಣವಾಯಿತು. ಇಂದು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಹೊತ್ತಿರುವ ಗ್ರೋವ್ ಬೀದಿಯು ಬಹುಕಾಲ ಬಿಳಿಯರ ಮತ್ತು ಕಪ್ಪು ಜನಾಂಗದವರ ವಾಸಸ್ಥಳಗಳ ನಡುವಣ ಗಡಿಯಾಗಿತ್ತು.

ವಸತಿಯಲ್ಲಿ ಭೇದವೆಣಿಸುವುದನ್ನು ನಿಷೇಧಿಸಲು ಬರ್ಕ್ಲಿ ನಗರಸಭೆಯು ತಂದ ನಿಯಮವನ್ನು 1963ರ ಜನಮತ ಸಂಗ್ರಹದಲ್ಲಿ ಮತದಾರರು ತಿರಸ್ಕರಿಸಿದರು. ಅದೇ ವರ್ಷ ಬರ್ಕ್ಲಿಯ ಪ್ರತಿನಿಧಿ ಬೈರನ್ ರಮ್‌ಫರ್ಡ್ ಅವರು ಮಂಡಿಸಿದ ನ್ಯಾಯಯುತ ವಸತಿ ಮಸೂದೆಯು ರಾಜ್ಯದ ಕಾನೂನಾಯಿತು. 1964ರಲ್ಲಿ ರಾಜ್ಯದ ಮತದಾರರು ಅದನ್ನೂ ರದ್ದುಗೊಳಿಸಿದರು; ಆ ರದ್ದತಿಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಅಸಿಂಧುವೆಂದು ಘೋಷಿಸಿತು. ಸ್ಥಳೀಯ ಬಹುಮತ ಮತ್ತು ಮೇಲಿನ ಕಾನೂನಿನ ನಡುವಣ ಈ ತಿಕ್ಕಾಟವು ಮುಂದಿನ ಅರ್ಧಶತಮಾನದ ವಿವಾದದಲ್ಲಿ ಬೇರೆ ರೂಪದಲ್ಲಿ ಮರುಕಳಿಸಿತು.

ಸಂರಕ್ಷಣೆಯ ಕಾಲ

ಎರಡನೆಯ ಮಹಾಯುದ್ಧದ ನಂತರ ವಿಶ್ವವಿದ್ಯಾಲಯದ ಸುತ್ತಮುತ್ತ ಹಳೆಯ ಮರದ ಮನೆಗಳನ್ನು ಕೆಡವಿ ಅಗ್ಗದ ಅಪಾರ್ಟ್‌ಮೆಂಟ್ ಕಟ್ಟಡಗಳನ್ನು ಕಟ್ಟುವುದು ಹೆಚ್ಚಾಯಿತು. ಅಂದಗೆಟ್ಟ ಕಟ್ಟಡಗಳು ನೆರೆಹೊರೆಯ ಸ್ವರೂಪವನ್ನು ಹಾಳುಮಾಡುತ್ತಿವೆ ಎಂಬ ಅಸಮಾಧಾನದಿಂದ 1973ರಲ್ಲಿ ನಾಗರಿಕರೇ ಮುಂದಿಟ್ಟ ನೆರೆಹೊರೆ ಸಂರಕ್ಷಣಾ ನಿಯಮವು ಜನಮತದಿಂದ ಅಂಗೀಕಾರವಾಯಿತು. ಮನೆಗಳನ್ನು ಕೆಡವಲು ಮತ್ತು ಹೊಸ ವಸತಿ ಕಟ್ಟಲು ಸಾರ್ವಜನಿಕ ವಿಚಾರಣೆ ಹಾಗೂ ವಿಶೇಷ ಪರವಾನಗಿ ಕಡ್ಡಾಯವಾದವು. 1974ರಲ್ಲಿ ಐತಿಹಾಸಿಕ ಕಟ್ಟಡಗಳ ಸಂರಕ್ಷಣೆಗೆ ಪ್ರತ್ಯೇಕ ನಿಯಮ ಬಂದಿತು. ಹೆಚ್ಚಿನ ಬಡಾವಣೆಗಳ ವಲಯ ಮಿತಿಯನ್ನೂ ಕ್ರಮೇಣ ತಗ್ಗಿಸಲಾಯಿತು.

ಈ ಕ್ರಮಗಳನ್ನು ಬೆಂಬಲಿಸಿದವರಲ್ಲಿ ಅನೇಕರು ಯುದ್ಧವಿರೋಧಿ ಮತ್ತು ನಾಗರಿಕ ಹಕ್ಕುಗಳ ಚಳವಳಿಗಳಲ್ಲಿ ಪಾಲ್ಗೊಂಡಿದ್ದ ಪ್ರಗತಿಪರರು. ಊರಿನ ಭವಿಷ್ಯವನ್ನು ಹಣವಂತರು ನಿರ್ಧರಿಸಬಾರದು, ಅಲ್ಲಿನ ಜನರೇ ನಿರ್ಧರಿಸಬೇಕು ಎಂಬುದು ಅವರ ನಿಲುವಾಗಿತ್ತು. ಬಾಡಿಗೆ ನಿಯಂತ್ರಣವೂ ಇದೇ ಕಾಲದ ಕೂಸು. 1972ರಲ್ಲಿ ಅಂಗೀಕಾರವಾದ ಮೊದಲ ಪ್ರಯತ್ನವು 1976ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. 1980ರಲ್ಲಿ ಹೊಸ ನಿಯಮ ಜಾರಿಗೆ ಬಂದಿತು. 1995ರ ರಾಜ್ಯ ಶಾಸನವೊಂದು ಬಾಡಿಗೆದಾರರು ಮನೆ ಖಾಲಿಮಾಡಿದಾಗ ಮಾಲೀಕರು ಹೊಸ ಬಾಡಿಗೆಯನ್ನು ಮಾರುಕಟ್ಟೆ ದರದಲ್ಲಿ ನಿಗದಿಪಡಿಸಲು ಅವಕಾಶ ನೀಡಿದ್ದರಿಂದ ಈ ನಿಯಂತ್ರಣವು ದುರ್ಬಲವಾಯಿತು.

1970ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯ ಪರಿಸರ ಗುಣಮಟ್ಟ ಕಾಯಿದೆಯೂ ಈ ಕಥೆಯ ಮುಖ್ಯ ಪಾತ್ರ. ಯೋಜನೆಗಳಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಮುಂಚಿತವಾಗಿ ಅಧ್ಯಯನ ಮಾಡಿ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಅದು ಖಾಸಗಿ ಕಟ್ಟಡಗಳಿಗೂ ಅನ್ವಯಿಸುತ್ತದೆಂದು 1972ರಲ್ಲಿ ನ್ಯಾಯಾಲಯ ತೀರ್ಪು ನೀಡಿದ ಮೇಲೆ, ಅಧ್ಯಯನದಲ್ಲಿ ಲೋಪವಿದೆಯೆಂದು ಯಾರು ಬೇಕಾದರೂ ದಾವೆ ಹೂಡಿ ಕಟ್ಟಡವನ್ನು ವರ್ಷಗಟ್ಟಲೆ ತಡೆಹಿಡಿಯುವುದು ಸಾಧ್ಯವಾಯಿತು.

ನಗರ ಕೇಂದ್ರದ ಯೋಜನೆ

1966ರಲ್ಲಿ ಬರ್ಕ್ಲಿಯ ಮತದಾರರು ಹೆಚ್ಚುವರಿ ತೆರಿಗೆಯನ್ನು ತಾವೇ ಒಪ್ಪಿಕೊಂಡು, ಊರನ್ನು ಇಬ್ಭಾಗ ಮಾಡಲಿದ್ದ ಮೇಲ್ಸೇತುವೆಯ ರೈಲು ಮಾರ್ಗವನ್ನು ನೆಲದಡಿಗೆ ಇಳಿಸಿದರು. ಬಾರ್ಟ್ ಎಂಬ ಈ ಪ್ರಾದೇಶಿಕ ರೈಲು ವ್ಯವಸ್ಥೆಯ ಮೂರು ನಿಲ್ದಾಣಗಳು ನಗರದಲ್ಲಿವೆ: ಡೌನ್‌ಟೌನ್ ಬರ್ಕ್ಲಿ, ನಾರ್ತ್ ಬರ್ಕ್ಲಿ ಮತ್ತು ಆಶ್ಬಿ. ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ದಟ್ಟ ವಸತಿ ಇರಬೇಕೆಂಬ ವಾದಕ್ಕೆ ಇದು ಆಧಾರವಾಯಿತು.

2001ರಲ್ಲಿ ಪೂರ್ಣಗೊಂಡ ಗಯಾ ಕಟ್ಟಡವು ನಗರ ಕೇಂದ್ರದಲ್ಲಿ ಹೊಸ ಪೀಳಿಗೆಯ ಮಿಶ್ರಬಳಕೆಯ ಕಟ್ಟಡಗಳಿಗೆ ನಾಂದಿಯಾಯಿತು. ನೆಲಮಟ್ಟದಲ್ಲಿ ಸಾಂಸ್ಕೃತಿಕ ಬಳಕೆಗೆ ಜಾಗ ಕೊಡುವುದಕ್ಕೆ ಪ್ರತಿಯಾಗಿ ಹೆಚ್ಚಿನ ಎತ್ತರವನ್ನು ಪಡೆದ ಈ ಕಟ್ಟಡದ ಕೆಳಭಾಗವು ಕೊಟ್ಟ ಮಾತಿನಂತೆ ಬಳಕೆಯಾಗುತ್ತಿದೆಯೇ ಎಂಬ ಬಗ್ಗೆ ದೀರ್ಘ ವಾಗ್ವಾದ ನಡೆಯಿತು. ಸಾರ್ವಜನಿಕ ಪ್ರಯೋಜನಕ್ಕೆ ಪ್ರತಿಯಾಗಿ ಎತ್ತರ ಎಂಬ ಒಪ್ಪಂದಗಳ ಮೇಲಿನ ಅಪನಂಬಿಕೆಗೆ ಇದು ಒಂದು ಕಾರಣವಾಯಿತು.

2005ರಲ್ಲಿ ವಿಶ್ವವಿದ್ಯಾಲಯದ ದೀರ್ಘಾವಧಿ ಅಭಿವೃದ್ಧಿ ಯೋಜನೆಯ ವಿರುದ್ಧ ನಗರವು ಹೂಡಿದ ದಾವೆಯು ರಾಜಿಯಲ್ಲಿ ಮುಗಿಯಿತು. ಆ ರಾಜಿಯಂತೆ ನಗರ ಕೇಂದ್ರಕ್ಕೆ ಹೊಸ ಯೋಜನೆ ರೂಪಿಸಲು ಉಭಯ ಪಕ್ಷಗಳೂ ಒಪ್ಪಿದವು. ಮೇಯರ್ ಟಾಮ್ ಬೇಟ್ಸ್ ಅವರ ಕಾಲದಲ್ಲಿ ನಗರಸಭೆಯು 2009ರಲ್ಲಿ ಅಂಗೀಕರಿಸಿದ ಯೋಜನೆಯ ವಿರುದ್ಧ ಜನಮತ ಸಂಗ್ರಹ ಕೋರಿ ಸಹಿ ಸಂಗ್ರಹವಾದಾಗ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2010ರ ನವೆಂಬರಿನಲ್ಲಿ ಮೆಷರ್ ಆರ್ ಎಂಬ ಹೆಸರಿನಲ್ಲಿ ಯೋಜನೆಯ ತತ್ವಗಳನ್ನು ಮತದಾರರ ಮುಂದಿಟ್ಟಾಗ ಸ್ಪಷ್ಟ ಬಹುಮತ ದೊರೆಯಿತು. ಅಂತಿಮ ಯೋಜನೆಯು 2012ರಲ್ಲಿ ಜಾರಿಯಾಯಿತು. ಅದು 180 ಅಡಿಯವರೆಗಿನ 3 ಎತ್ತರದ ಕಟ್ಟಡಗಳಿಗೆ ಅವಕಾಶವಿತ್ತು, ಉಳಿದ ಕಟ್ಟಡಗಳ ಎತ್ತರವನ್ನು ಇದಕ್ಕಿಂತ ಕಡಿಮೆ ಮಿತಿಯಲ್ಲಿ ಇರಿಸಿತು.

2014ರಲ್ಲಿ ನಗರಸಭಾ ಸದಸ್ಯ ಹೆಸ್ಸೆ ಅರೆಗಿನ್ ಮೊದಲಾದವರು ಎತ್ತರದ ಕಟ್ಟಡಗಳ ಮೇಲೆ ಹೆಚ್ಚಿನ ಷರತ್ತುಗಳನ್ನು ವಿಧಿಸುವ ಮತ್ತೊಂದು ಪ್ರಸ್ತಾವವನ್ನು ಮುಂದಿಟ್ಟರು. ಇದಕ್ಕೂ ಮೆಷರ್ ಆರ್ ಎಂಬ ಹೆಸರೇ ಇತ್ತು. ಮತದಾರರು ಇದನ್ನು ಭಾರೀ ಬಹುಮತದಿಂದ ತಿರಸ್ಕರಿಸಿದರು. ಅರೆಗಿನ್ ಅವರು 2016ರಲ್ಲಿ ಮೇಯರ್ ಆದರು. ಮುಂದಿನ ವರ್ಷಗಳಲ್ಲಿ ಅವರೇ ದಟ್ಟ ವಸತಿಯ ಪರ ನಿರ್ಣಯಗಳ ಮುಂಚೂಣಿಯಲ್ಲಿ ನಿಂತದ್ದು ನಗರ ರಾಜಕಾರಣ ಬದಲಾದುದರ ಸೂಚನೆಯಾಗಿದೆ.

ಹೆರಾಲ್ಡ್ ವೇ ಯೋಜನೆ

ಹೆರಾಲ್ಡ್ ವೇ ಎಂಬ ಬೀದಿಯಲ್ಲಿ 18 ಅಂತಸ್ತಿನ, 302 ಮನೆಗಳ ಕಟ್ಟಡವೊಂದಕ್ಕೆ ನಗರಸಭೆಯು 2015ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಜನಪ್ರಿಯ ಚಿತ್ರಮಂದಿರವೊಂದು ಕಳೆದುಹೋಗುತ್ತದೆ, ವಿಶ್ವವಿದ್ಯಾಲಯದ ಗಡಿಯಾರ ಗೋಪುರದ ಬಳಿಯಿಂದ ಗೋಲ್ಡನ್ ಗೇಟ್ ಕಡೆಗಿನ ನೋಟಕ್ಕೆ ಅಡ್ಡಿಯಾಗುತ್ತದೆ, ಬಾಡಿಗೆ ಸಾಮಾನ್ಯರ ಕೈಗೆಟುಕದು ಎಂಬ ಆಕ್ಷೇಪಣೆಗಳು ಹತ್ತಾರು ವಿಚಾರಣೆಗಳಲ್ಲಿ ಕೇಳಿಬಂದವು. ದಾವೆಗಳೂ ನಡೆದವು. ಕೊನೆಗೆ ಆ ಕಟ್ಟಡ ಏಳಲೇ ಇಲ್ಲ. ಅನುಮತಿ ದೊರೆಯುವುದು ಬೇರೆ, ಮನೆಗಳು ನಿರ್ಮಾಣವಾಗುವುದು ಬೇರೆ ಎಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಲಾಗುತ್ತದೆ. ನಿರ್ಮಾಣ ವೆಚ್ಚ, ಬಡ್ಡಿದರ ಮತ್ತು ವಿಳಂಬ ಇವು ಅನುಮತಿ ಪಡೆದ ಯೋಜನೆಯನ್ನೂ ನಿಲ್ಲಿಸಬಲ್ಲವು.

ರಾಜ್ಯ ಶಾಸನಗಳ ಪ್ರವೇಶ

2015ರ ನಂತರ ವಿವಾದದ ಕೇಂದ್ರವು ನಗರಸಭೆಯಿಂದ ರಾಜ್ಯ ರಾಜಧಾನಿ ಸ್ಯಾಕ್ರಮೆಂಟೊಗೆ ಕ್ರಮೇಣ ಸ್ಥಳಾಂತರಗೊಂಡಿತು. 1982ರಷ್ಟು ಹಿಂದೆಯೇ ಬಂದಿದ್ದ ವಸತಿ ಉತ್ತರದಾಯಿತ್ವ ಕಾಯಿದೆಯಂತೆ, ವಲಯ ನಿಯಮಗಳಿಗೆ ಅನುಗುಣವಾದ ವಸತಿ ಯೋಜನೆಯನ್ನು ಆರೋಗ್ಯ ಅಥವಾ ಸುರಕ್ಷತೆಯ ಖಚಿತ ಕಾರಣವಿಲ್ಲದೆ ನಗರಗಳು ತಿರಸ್ಕರಿಸುವಂತಿಲ್ಲ. ದಕ್ಷಿಣ ಬರ್ಕ್ಲಿಯ ಹ್ಯಾಸ್ಕೆಲ್ ಬೀದಿಯ ಒಂದೇ ನಿವೇಶನದಲ್ಲಿ 3 ಮನೆಗಳನ್ನು ಕಟ್ಟುವ ಸಣ್ಣ ಯೋಜನೆಯನ್ನು ನಗರಸಭೆ 2016ರಲ್ಲಿ ತಳ್ಳಿಹಾಕಿದಾಗ ವಸತಿ ಪರ ಸಂಘಟನೆಯೊಂದು ಈ ಕಾಯಿದೆಯಡಿ ನ್ಯಾಯಾಲಯಕ್ಕೆ ಹೋಗಿ ಯಶಸ್ವಿಯಾಯಿತು. ಬರ್ಕ್ಲಿಯನ್ನು ಪ್ರತಿನಿಧಿಸುತ್ತಿದ್ದ ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ಅವರು ಮಂಡಿಸಿದ 2017 ಮತ್ತು 2019ರ ಮಸೂದೆಗಳು ಈ ಕಾಯಿದೆಯನ್ನು ಬಲಪಡಿಸಿದವು ಮತ್ತು ವಿಚಾರಣೆಗಳ ಸಂಖ್ಯೆಗೆ ಮಿತಿ ಹಾಕಿದವು.

ಸಾಂದ್ರತಾ ಪ್ರೋತ್ಸಾಹ ಕಾನೂನು ಎಂದು ಕರೆಯಬಹುದಾದ ಇನ್ನೊಂದು ಶಾಸನವು 1979ರಿಂದ ಇದೆ. ಒಂದಷ್ಟು ಮನೆಗಳನ್ನು ಕಡಿಮೆ ಆದಾಯದವರಿಗೆ ನಿಯಂತ್ರಿತ ಬಾಡಿಗೆಯಲ್ಲಿ ನೀಡುವ ನಿರ್ಮಾಣಗಾರರಿಗೆ ವಲಯ ಮಿತಿಗಿಂತ ಹೆಚ್ಚು ಮನೆಗಳನ್ನು ಕಟ್ಟುವ ಹಕ್ಕನ್ನು ಅದು ಕೊಡುತ್ತದೆ. ಇತ್ತೀಚಿನ ತಿದ್ದುಪಡಿಗಳು ಈ ರಿಯಾಯಿತಿಯನ್ನು ಹಿಗ್ಗಿಸಿವೆ. ಇದರಿಂದಾಗಿ 2012ರ ಯೋಜನೆಯ ಎತ್ತರದ ಮಿತಿಗಳನ್ನು ಮೀರಿದ, 25 ಅಂತಸ್ತುಗಳ ಆಸುಪಾಸಿನ ಪ್ರಸ್ತಾವಗಳು ನಗರ ಕೇಂದ್ರಕ್ಕೆ ಬರತೊಡಗಿದವು.

ರಾಜ್ಯವು ಪ್ರತಿ ಎಂಟು ವರ್ಷಗಳಿಗೊಮ್ಮೆ ಪ್ರತಿ ನಗರಕ್ಕೂ ವಸತಿಯ ಗುರಿ ನಿಗದಿಪಡಿಸುವ ವ್ಯವಸ್ಥೆಯೂ ಇದೆ. 2023ರಿಂದ 2031ರ ಅವಧಿಗೆ ಬರ್ಕ್ಲಿಗೆ ವಿಧಿಸಿದ ಗುರಿ 8,934 ಮನೆಗಳು. ಗುರಿಗೆ ತಕ್ಕ ಯೋಜನೆಯನ್ನು ರೂಪಿಸದ ನಗರಗಳು ನಿರ್ಮಾಣವನ್ನು ನಿಯಂತ್ರಿಸುವ ಅಧಿಕಾರದ ಒಂದು ಭಾಗವನ್ನೇ ಕಳೆದುಕೊಳ್ಳಬೇಕಾಗುತ್ತದೆ.

ರೈಲು ನಿಲ್ದಾಣಗಳ ನಿಲುಗಡೆ ಜಾಗ

ನಾರ್ತ್ ಬರ್ಕ್ಲಿ ಮತ್ತು ಆಶ್ಬಿ ನಿಲ್ದಾಣಗಳ ಸುತ್ತಲಿನ ವಿಶಾಲವಾದ ಕಾರು ನಿಲುಗಡೆ ಜಾಗಗಳು ಈ ಚರ್ಚೆಯ ಮತ್ತೊಂದು ಅಧ್ಯಾಯ. ಬಾರ್ಟ್ ಸಂಸ್ಥೆಯ ಒಡೆತನದ ಇಂಥ ಜಾಗಗಳಲ್ಲಿ ದಟ್ಟ ವಸತಿಗೆ ಕನಿಷ್ಠ ಮಟ್ಟದ ಅವಕಾಶ ಕೊಡಲೇಬೇಕೆಂದು 2018ರ ರಾಜ್ಯ ಶಾಸನ ವಿಧಿಸಿತು. ಅದರಂತೆ 2022ರಲ್ಲಿ ನಗರಸಭೆಯು ಎರಡೂ ಕಡೆ 7 ಅಂತಸ್ತುಗಳ ಕಟ್ಟಡಗಳಿಗೆ ಅವಕಾಶ ನೀಡುವ ವಲಯ ನಿಯಮವನ್ನು ಅಂಗೀಕರಿಸಿತು. ಸುತ್ತಲೂ ಒಂದೆರಡು ಅಂತಸ್ತಿನ ಮನೆಗಳಿರುವ ನಾರ್ತ್ ಬರ್ಕ್ಲಿಯಲ್ಲಿ ಪ್ರಮಾಣದ ಬಗ್ಗೆ ಆಕ್ಷೇಪಗಳು ಬಂದವು. ಆಶ್ಬಿಯ ಪ್ರಶ್ನೆ ಬೇರೆಯದು. ಅದು ಐತಿಹಾಸಿಕವಾಗಿ ಕಪ್ಪು ಜನಾಂಗದವರ ನೆಲೆ. ನಿಲುಗಡೆ ಜಾಗದಲ್ಲಿ 1970ರ ದಶಕದಿಂದ ವಾರಾಂತ್ಯದ ಸಂತೆ ನಡೆದು ಬಂದಿದೆ. ಹೊಸ ಮನೆಗಳಲ್ಲಿ ಎಷ್ಟು ಪಾಲು ಕಡಿಮೆ ಆದಾಯದವರಿಗೆ ದೊರೆಯುತ್ತದೆ, ಊರು ಬಿಟ್ಟು ಹೋದ ಕುಟುಂಬಗಳಿಗೆ ಆದ್ಯತೆ ಇರುತ್ತದೆಯೇ, ಸಂತೆ ಎಲ್ಲಿಗೆ ಹೋಗುತ್ತದೆ ಎಂಬುವು ಅಲ್ಲಿನ ಮುಖ್ಯ ಚರ್ಚಾವಿಷಯಗಳಾದವು.

ಚಿಪ್ಪಿನ ದಿಬ್ಬದ ಪ್ರಕರಣ

ಪಶ್ಚಿಮ ಬರ್ಕ್ಲಿಯ ಫೋರ್ತ್ ಸ್ಟ್ರೀಟ್‌ನಲ್ಲಿದ್ದ ನಿಲುಗಡೆ ಜಾಗವೊಂದರಲ್ಲಿ ಸುಮಾರು 260 ಮನೆಗಳ ಮಿಶ್ರಬಳಕೆಯ ಕಟ್ಟಡವನ್ನು ಪ್ರಸ್ತಾಪಿಸಲಾಗಿತ್ತು. ಆ ಜಾಗವು ಸ್ಥಳೀಯ ಮೂಲನಿವಾಸಿಗಳಾದ ಓಲೋನಿ ಜನರ ಪ್ರಾಚೀನ ಚಿಪ್ಪಿನ ದಿಬ್ಬದ ನೆಲೆ. ಅಲ್ಲಿ ಅವರ ಪೂರ್ವಜರ ಸಮಾಧಿಗಳೂ ಇದ್ದವು. ನಗರವು ನಿರಾಕರಿಸಿದರೂ, ಅನುಮತಿಯನ್ನು ಸರಳಗೊಳಿಸುವ 2017ರ ರಾಜ್ಯ ಶಾಸನದ ಆಧಾರದ ಮೇಲೆ ಮೇಲ್ಮನವಿ ನ್ಯಾಯಾಲಯವು 2021ರಲ್ಲಿ ಯೋಜನೆಯ ಪರ ತೀರ್ಪು ನೀಡಿತು. ಆದರೆ ಕಟ್ಟಡ ನಿರ್ಮಾಣವಾಗಲಿಲ್ಲ. 2024ರಲ್ಲಿ ಓಲೋನಿ ಮಹಿಳೆಯರ ನೇತೃತ್ವದ ಸೊಗೊರಿಯಾ ಟೆ ಭೂ ಟ್ರಸ್ಟ್ ಮತ್ತು ನಗರ ಒಟ್ಟಾಗಿ ಸುಮಾರು 2.7 ಕೋಟಿ ಡಾಲರ್ ನೀಡಿ ಆ ನೆಲವನ್ನು ಮರಳಿ ಪಡೆದವು. ದಟ್ಟ ವಸತಿಯ ವಿರೋಧವೆಲ್ಲವೂ ಮನೆ ಮಾಲೀಕರ ಸ್ವಹಿತಾಸಕ್ತಿಯಲ್ಲ ಎಂಬುದಕ್ಕೆ ಈ ಪ್ರಕರಣ ನಿದರ್ಶನ.

ವಿಶ್ವವಿದ್ಯಾಲಯ ಮತ್ತು ಪೀಪಲ್ಸ್ ಪಾರ್ಕ್

ವಿಶ್ವವಿದ್ಯಾಲಯವು ರಾಜ್ಯದ ಸಂಸ್ಥೆಯಾದ್ದರಿಂದ ತನ್ನ ಶೈಕ್ಷಣಿಕ ಉದ್ದೇಶದ ಜಾಗದಲ್ಲಿ ನಗರದ ವಲಯ ನಿಯಮಗಳಿಗೆ ಬದ್ಧವಲ್ಲ. ಆಸ್ತಿ ತೆರಿಗೆಯನ್ನೂ ಕಟ್ಟುವುದಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದ್ದರೂ ವಸತಿ ಏರುತ್ತಿಲ್ಲ ಎಂಬ ದೂರಿನೊಂದಿಗೆ ನಿವಾಸಿಗಳ ಸಂಘಟನೆಯೊಂದು ಪರಿಸರ ಕಾಯಿದೆಯಡಿ ಹೂಡಿದ ದಾವೆಯಲ್ಲಿ, ಪ್ರವೇಶವನ್ನು 2020-21ನೆಯ ಸಾಲಿನ ಮಟ್ಟದಲ್ಲೇ ನಿಲ್ಲಿಸುವಂತೆ 2021ರಲ್ಲಿ ಆದೇಶವಾಯಿತು. 2022ರ ಮಾರ್ಚ್ ಆರಂಭದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಈ ಆದೇಶವನ್ನು ತಡೆಯಲು ನಿರಾಕರಿಸಿತು. ಸಾವಿರಾರು ವಿದ್ಯಾರ್ಥಿಗಳ ಪ್ರವೇಶ ಅನಿಶ್ಚಿತವಾದಾಗ ಶಾಸಕಾಂಗವು ತ್ವರಿತವಾಗಿ ಕಾನೂನನ್ನು ತಿದ್ದಿತು. 2022ರ ಮಾರ್ಚ್ 14ರಂದು ಅದಕ್ಕೆ ರಾಜ್ಯಪಾಲರ ಅಂಕಿತ ಬಿದ್ದಿತು.

ಪೀಪಲ್ಸ್ ಪಾರ್ಕ್ ಎಂಬುದು ವಿಶ್ವವಿದ್ಯಾಲಯದ ಒಡೆತನದ 2.8 ಎಕರೆಗಳ ಜಾಗ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಮನೆಗಳನ್ನು ಕೆಡವಿದ ಬಳಿಕ ಪಾಳುಬಿದ್ದಿದ್ದ ನೆಲದಲ್ಲಿ 1969ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳೂ ನಿವಾಸಿಗಳೂ ಸೇರಿ ಉದ್ಯಾನ ನಿರ್ಮಿಸಿದರು. ಮೇ 15ರಂದು ನಡೆದ ಸಂಘರ್ಷದಲ್ಲಿ ಪೊಲೀಸರ ಗುಂಡೇಟು ತಿಂದ ಜೇಮ್ಸ್ ರೆಕ್ಟರ್ ಎಂಬ ಯುವಕ ಬಳಿಕ ಮೃತಪಟ್ಟನು. ಅಲ್ಲಿಂದ ಮುಂದೆ ಆ ಜಾಗವು ಪ್ರತಿಭಟನೆಯ ಸ್ಮಾರಕವಾಗಿಯೂ ಮನೆಯಿಲ್ಲದವರ ತಂಗುದಾಣವಾಗಿಯೂ ಉಳಿಯಿತು.

2021ರಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯು ಅಲ್ಲಿ ಸುಮಾರು 1,100 ವಿದ್ಯಾರ್ಥಿಗಳಿಗೆ ವಸತಿ, ಮನೆಯಿಲ್ಲದವರಿಗೆ ನೆರವಿನ ವಸತಿ ಹಾಗೂ ಸ್ವಲ್ಪ ತೆರೆದ ಜಾಗ ಇರುವ ಯೋಜನೆಗೆ ಒಪ್ಪಿಗೆ ನೀಡಿತು. 2022ರ ಆಗಸ್ಟಿನಲ್ಲಿ ಕೆಲಸ ಆರಂಭವಾದೊಡನೆ ಪ್ರತಿಭಟನೆಯಿಂದ ನಿಂತಿತು. ವಿದ್ಯಾರ್ಥಿಗಳ ಗದ್ದಲವನ್ನೂ ಪರಿಸರ ಪರಿಣಾಮವಾಗಿ ಪರಿಗಣಿಸಬೇಕಿತ್ತೆಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಶಾಸಕಿ ಬಫಿ ವಿಕ್ಸ್ ಮಂಡಿಸಿದ ಮಸೂದೆಯು ಅದೇ ವರ್ಷ ಕಾನೂನಾಗಿ, ವಸತಿ ಯೋಜನೆಗಳಲ್ಲಿ ನಿವಾಸಿಗಳ ಸದ್ದು ಪರಿಸರ ಪರಿಣಾಮವಲ್ಲ ಎಂದು ಸ್ಪಷ್ಟಪಡಿಸಿತು. 2024ರ ಜನವರಿಯಲ್ಲಿ ಸರಕು ಸಾಗಣೆ ಕಂಟೇನರುಗಳ ಗೋಡೆಯಿಂದ ಜಾಗವನ್ನು ಸುತ್ತುವರಿಯಲಾಯಿತು. ಜೂನ್ 6ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು ವಿಶ್ವವಿದ್ಯಾಲಯದ ಪರ ತೀರ್ಪು ನೀಡಿತು.

ವಾದಗಳು

ದಟ್ಟ ವಸತಿಯನ್ನು ಬೆಂಬಲಿಸುವವರ ಪ್ರಕಾರ ಮನೆಗಳ ಕೊರತೆಯೇ ಬಾಡಿಗೆ ಏರಿಕೆಯ ಮೂಲ. ಹೊಸ ಕಟ್ಟಡಗಳಿಲ್ಲದಿದ್ದರೆ ಹಣವುಳ್ಳ ಹೊಸಬರು ಹಳೆಯ ಮನೆಗಳಿಗೇ ಹೆಚ್ಚು ಬೆಲೆ ಕೊಟ್ಟು ಬಡವರನ್ನು ಹೊರದೂಡುತ್ತಾರೆ. ರೈಲು ಮತ್ತು ಕಾಲೇಜಿನ ಸಮೀಪ ವಾಸಿಸುವವರು ಕಾರನ್ನು ಕಡಿಮೆ ಬಳಸುವುದರಿಂದ ಪರಿಸರಕ್ಕೂ ಹಿತ. ಏಕಕುಟುಂಬ ವಲಯದ ಮೂಲದಲ್ಲೇ ಜನಾಂಗ ತಾರತಮ್ಯವಿದೆ ಎಂಬುದು ಅವರ ನೈತಿಕ ವಾದ.

ವಿರೋಧಿಸುವವರ ಪ್ರಕಾರ ಹೊಸ ಕಟ್ಟಡಗಳ ಬಾಡಿಗೆ ಸಾಮಾನ್ಯರಿಗೆ ನಿಲುಕುವುದಿಲ್ಲ. ನೆರಳು, ಗಾಳಿ, ಕೊಲ್ಲಿಯ ನೋಟ, ಹಳೆಯ ಕಟ್ಟಡಗಳು ಮೊದಲಾದ ಸಾರ್ವಜನಿಕ ಸಂಪತ್ತು ನಷ್ಟವಾಗುತ್ತದೆ. ಮಿಶ್ರಬಳಕೆಯ ಕಟ್ಟಡಗಳ ನೆಲಮಟ್ಟದ ಮಳಿಗೆಗಳು ದುಬಾರಿ ಬಾಡಿಗೆಯಿಂದ ಖಾಲಿ ಉಳಿಯುತ್ತವೆ ಮತ್ತು ಹಳೆಯ ಸಣ್ಣ ಅಂಗಡಿಗಳು ಮರಳಿ ಬರುವುದಿಲ್ಲ. 1923ರ ಬೆಂಕಿಯಲ್ಲಿ ಉತ್ತರ ಬರ್ಕ್ಲಿಯ ಸುಮಾರು 600 ಕಟ್ಟಡಗಳು ಭಸ್ಮವಾದುದನ್ನು ನೆನಪಿಸುವವರು, ಬೆಟ್ಟದ ಕಿರಿದಾದ ರಸ್ತೆಗಳಲ್ಲಿ ಜನಸಂಖ್ಯೆ ಹೆಚ್ಚಿದರೆ ತೆರವು ಕಷ್ಟವೆಂದು ಎಚ್ಚರಿಸುತ್ತಾರೆ.

ಮೂರನೆಯ ನಿಲುವೊಂದೂ ಇದೆ. ಬಾಡಿಗೆದಾರರ ಸಂಘಟನೆಗಳು ಮತ್ತು ಕಪ್ಪು ಜನಾಂಗದ ನಿವಾಸಿಗಳಲ್ಲಿ ಹಲವರು ಕಟ್ಟಡದ ಎತ್ತರವನ್ನು ವಿರೋಧಿಸುವುದಿಲ್ಲ. ಯಾರಿಗಾಗಿ ಕಟ್ಟಲಾಗುತ್ತಿದೆ ಎಂದು ಕೇಳುತ್ತಾರೆ. 1970ರಲ್ಲಿ ನಗರದ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದ ಕಪ್ಪು ಜನಾಂಗದವರು 2020ರ ವೇಳೆಗೆ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಾದರು. ಕಟ್ಟಡಗಳು ಏಳದ ಕಾಲದಲ್ಲಿಯೂ, ಎದ್ದ ಕಾಲದಲ್ಲಿಯೂ ಈ ಇಳಿಕೆ ನಿಲ್ಲಲಿಲ್ಲ. ಮಾರುಕಟ್ಟೆಯೊಂದರಿಂದಲೇ ಬಡವರಿಗೆ ಮನೆ ಸಿಗದು, ಸಾರ್ವಜನಿಕ ಹಣವೂ ಬೇಕೆಂಬುದು ಇವರ ವಾದ. 2018ರಲ್ಲಿ 13.5 ಕೋಟಿ ಡಾಲರುಗಳ ವಸತಿ ಸಾಲಪತ್ರಕ್ಕೆ ಮತದಾರರು ಒಪ್ಪಿದರು. ವಸತಿಯೂ ಸೇರಿದ್ದ 65 ಕೋಟಿ ಡಾಲರುಗಳ ಪ್ರಸ್ತಾವವು 2022ರಲ್ಲಿ ಅಗತ್ಯವಿದ್ದ ಮೂರನೆಯ ಎರಡರಷ್ಟು ಬಹುಮತ ಪಡೆಯದೆ ಸೋತಿತು.

2021ರ ನಂತರದ ಬೆಳವಣಿಗೆಗಳು

2021ರ ಜನವರಿಯಲ್ಲಿ ನಗರಸಭೆಯು ಹೆಚ್ಚಿನ ಹೊಸ ವಸತಿಗೆ ಕಾರು ನಿಲುಗಡೆಯ ಕಡ್ಡಾಯವನ್ನು ತೆಗೆದುಹಾಕಿತು. ಫೆಬ್ರವರಿಯಲ್ಲಿ, ಹೊರಗಿಡುವ ವಲಯ ಪದ್ಧತಿಯನ್ನು ಕೊನೆಗಾಣಿಸುವ ಉದ್ದೇಶದ ನಿರ್ಣಯ ಅಂಗೀಕಾರವಾಯಿತು. ಲೋರಿ ಡ್ರೋಸ್ಟ್ ಅದರ ಪ್ರಮುಖ ಕರ್ತೃ. 2023ರಲ್ಲಿ ವಿಶ್ವವಿದ್ಯಾಲಯದ ದಕ್ಷಿಣದ ಸೌತ್‌ಸೈಡ್ ಪ್ರದೇಶದಲ್ಲಿ ಎತ್ತರದ ಮಿತಿಗಳನ್ನು ಹೆಚ್ಚಿಸಲಾಯಿತು. ಮೇಯರ್ ಅಡೀನಾ ಇಶೀ ಅವರ ಕಾಲದಲ್ಲಿ, 2025ರ ಜೂನ್ ತಿಂಗಳಲ್ಲಿ, ತಗ್ಗು ಪ್ರದೇಶದ ಬಡಾವಣೆಗಳಲ್ಲಿ ಒಂದೇ ನಿವೇಶನದಲ್ಲಿ ಹಲವು ಮನೆಗಳನ್ನು ಕಟ್ಟಲು ಅವಕಾಶ ನೀಡುವ ಮಧ್ಯಮ ಪ್ರಮಾಣದ ವಸತಿ ನಿಯಮ ಅಂಗೀಕಾರವಾಯಿತು. 1916ರಲ್ಲಿ ನಿರ್ಬಂಧ ಆರಂಭವಾದ ಎಲ್ಮ್‌ವುಡ್ ಕೂಡ ಇದರ ವ್ಯಾಪ್ತಿಗೆ ಬಂದಿತು. ಬೆಂಕಿಯ ಅಪಾಯವಿರುವ ಬೆಟ್ಟ ಪ್ರದೇಶವನ್ನು ಹೊರಗಿಡಲಾಯಿತು.

ಮಹತ್ವ

ವಸತಿಯ ಕೊರತೆ, ವಿಶ್ವವಿದ್ಯಾಲಯದ ಬೆಳವಣಿಗೆ ಮತ್ತು ಸ್ಥಳೀಯ ಸ್ವಯಮಾಡಳಿತ ಇವುಗಳ ಸಂಬಂಧವನ್ನು ಅಭ್ಯಸಿಸುವವರು ಬರ್ಕ್ಲಿಯನ್ನು ಮುಖ್ಯ ಉದಾಹರಣೆಯಾಗಿ ಬಳಸುತ್ತಾರೆ. ಇಲ್ಲಿನ ದಾವೆಗಳಿಂದ ರಾಜ್ಯದ ಕಾನೂನುಗಳೇ ಬದಲಾಗಿವೆ. ಒಂದು ಕಾಲದಲ್ಲಿ ಬೀದಿಯ ನಿವಾಸಿಗಳು ಸಾರ್ವಜನಿಕ ವಿಚಾರಣೆಯಲ್ಲಿ ನಿರ್ಧರಿಸುತ್ತಿದ್ದ ವಿಷಯಗಳು ಇಂದು ಬಹುಮಟ್ಟಿಗೆ ರಾಜ್ಯ ನಿಗದಿಪಡಿಸಿದ ಅಳತೆಗಳಿಂದ ನಿರ್ಧಾರವಾಗುತ್ತವೆ. ಊರಿನಲ್ಲಿ ಈಗಾಗಲೇ ನೆಲೆಸಿರುವವರಿಗೆ ಮತವಿದೆ. ಮನೆ ಸಿಗದೆ ಹೊರಗುಳಿದವರಿಗೆ ಅಲ್ಲಿ ಮತವಿಲ್ಲ. ಈ ಎರಡು ಗುಂಪುಗಳ ಹಿತವನ್ನು ಯಾವ ಹಂತದ ಸರ್ಕಾರ ತೂಗಿ ನೋಡಬೇಕೆಂಬ ಪ್ರಶ್ನೆಯು ಕಟ್ಟಡದ ಎತ್ತರದ ಪ್ರಶ್ನೆಗಿಂತ ದೊಡ್ಡದು. ಬರ್ಕ್ಲಿಯ ವಿವಾದವು ಅಮೆರಿಕದ ಇತರ ವಿಶ್ವವಿದ್ಯಾಲಯ ನಗರಗಳ ಗಮನ ಸೆಳೆದಿರುವುದು ಈ ಕಾರಣದಿಂದ.